ಮಲೆನಾಡಿನ ಮನೆಗೆ ಪೇಟೆಯ ವಾರ್ಡ್‌ರೋಬ್, ಅಡುಗೆಮನೆ ಹೊಂದುತ್ತವೆಯೇ?

ಪ್ರಶ್ನೆ: ತೀರ್ಥಹಳ್ಳಿ ಸಮೀಪ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಬೆಂಗಳೂರಿನಲ್ಲಿ ನೋಡಿದಂಥ ವಾರ್ಡ್‌ರೋಬ್, ಮಾಡ್ಯುಲರ್ ಅಡುಗೆಮನೆ ಮಾಡಿಸುವ ಆಸೆ. ಮಳೆಗಾಲದಲ್ಲಿ ಎಲ್ಲ ಬೂಷ್ಟು ಹಿಡಿಯುತ್ತದೆ ಎಂದು ಹೆದರಿಸುತ್ತಾರೆ. ಏನು ಮಾಡುವುದು?

ಮಾಡಿಸಿ. ಆದರೆ ಬಡಗಿಗೆ ಫೋಟೊ ತೋರಿಸುವ ಮೊದಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಮನೆ ಹೇಗಿರುತ್ತದೆ ಎಂದು ಹೇಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಶಿವಮೊಗ್ಗದಲ್ಲಿ ಬಾಳಿದ್ದು ನಿಮ್ಮಲ್ಲಿ ಬಾಳಬೇಕೆಂದಿಲ್ಲ, ಬೆಂಗಳೂರಿನದಂತೂ ದೂರದ ಮಾತು.

ಮುಂಗಾರು ನೈಋತ್ಯದಿಂದ ಬರುವುದರಿಂದ ಪಶ್ಚಿಮ, ದಕ್ಷಿಣದ ಹೊರಗೋಡೆಗಳು ಎರಚಲಿಗೆ ನೆನೆದು ತಣ್ಣಗಿರುತ್ತವೆ. ಅಲ್ಲಿಗೆ ವಾರ್ಡ್‌ರೋಬ್ ಅಂಟಿಸಿದರೆ ಬೆನ್ನಿಗೆ ಗಾಳಿಯಾಡದೆ ತೇವ ಕೂತುಬಿಡುತ್ತದೆ, ಮೊದಲು ಮುಗ್ಗಲು ವಾಸನೆ, ಆಮೇಲೆ ಬೂಷ್ಟು. ಒಳಗೋಡೆಗೆ ಇಡಿಸಿ. ಅಡುಗೆಮನೆಯ ಒಲೆ ಇರುವ ಗೋಡೆಯ ಈಚೆ ಬದಿಯಾದರೆ ಇನ್ನೂ ಒಳ್ಳೆಯದು, ಬಚ್ಚಲಿನ ಗೋಡೆ ಮಾತ್ರ ಬೇಡ. ಹಿಂದೆ 2 ಇಂಚು ಜಾಗ, ಕೆಳಗೆ 4 ಇಂಚಿನ ಕಾಲು ಇರಲಿ. ಬಾಗಿಲಿಗೆ ಕೆಳಗೂ ಮೇಲೂ ಜಾಲಿ ಬೇಕು, ಒಂದೇ ಕಡೆ ಇಟ್ಟರೆ ಗಾಳಿ ಹರಿಯುವುದಿಲ್ಲ.

'ವಾಟರ್‌ಪ್ರೂಫ್' ಎಂಬ ಮಾತಿಗಿಂತ ಪ್ಲೈವುಡ್ ಮೇಲಿನ ಮುದ್ರೆ ನಂಬಿ. ಐಎಸ್ ಎಂದರೆ ಭಾರತೀಯ ಮಾನಕ. ಸಿಂಕ್ ಸುತ್ತ ಐಎಸ್ 710 (ಮರೈನ್ ಪ್ಲೈ), ಉಳಿದೆಡೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿಯುವ ನೀರನ್ನೂ ತಾಳುವ ದರ್ಜೆ). ಕಡಿಮೆ ದರ್ಜೆಯ ಎಂಆರ್ (ಬರೀ ತೇವ ತಾಳುವಂಥದ್ದು) ಕೂಡ 303ರಲ್ಲೇ ಬರುವುದರಿಂದ ಬರೀ ಅಂಕಿ ನೋಡಿ ಮೋಸಹೋಗಬೇಡಿ. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ಅಂಚಿನಿಂದ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯದು, ಸ್ಕ್ರೂ ಹಿಡಿತ ಬಿಟ್ಟು ಬಾಗಿಲು ಜೋತುಬೀಳುತ್ತದೆ. ಬಾಗಿಲಿನ ಒಂದೇ ಮಗ್ಗುಲಿಗೆ ಲ್ಯಾಮಿನೇಟ್ ಹಚ್ಚಿದರೆ ಇನ್ನೊಂದು ಮಗ್ಗುಲು ತೇವ ಹೀರಿ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಎರಡೂ ಕಡೆ ಹಚ್ಚಿಸಿ, ಕಣ್ಣಿಗೆ ಬೀಳದ ಕೆಳ ಅಂಚನ್ನೂ ಮುಚ್ಚಿಸಿ. ತೋಟದ ಹಲಸಿನ ಮರದ್ದೇ ಬಾಗಿಲಾದರೆ, ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂರಿಸಿದ್ದು ಜುಲೈನಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಸುತ್ತ 3 ಮಿ.ಮೀ. ಸಂದು ಬಿಡಿಸಿ.

ಇನ್ನು ಅಳತೆ. ಅಡುಗೆ ಮಾಡುವವರು ನಿಂತು ಮೊಣಕೈ ಮಡಚಲಿ, ಅದಕ್ಕಿಂತ 4ರಿಂದ 6 ಇಂಚು ಕೆಳಗೆ ಕಟ್ಟೆ ಬರಬೇಕು. ಐದಡಿ ಎತ್ತರದ ಅಮ್ಮನಿಗೆ 34 ಇಂಚಿನ ಕಟ್ಟೆ ಹೆಚ್ಚಾಗಿ ಭುಜನೋವು ತರುತ್ತದೆ, 32 ಸಾಕು. ಮಿಡಿ ಉಪ್ಪಿನಕಾಯಿಯ ಭರಣಿ ಅಳೆದು, ಮುಚ್ಚಳ ತೆಗೆದು ಸೌಟು ಹಾಕಲು 6 ಇಂಚು ಸೇರಿಸಿ ಆ ಖಾನೆ ಮಾಡಿಸಿ. ಜಗಲಿಯಲ್ಲಿ ಒದ್ದೆ ಕೊಡೆ, ರೇನ್‌ಕೋಟಿಗೆ ಕೊಕ್ಕೆ, ಅದರಡಿ ಹೊರಗೆ ಇಳಿಜಾರಿರುವ ಕಲ್ಲು ಹಾಸಿಸಿ. ನಕ್ಷೆಯಲ್ಲಿ ಇದನ್ನು ಬಿಟ್ಟ ಮನೆಗಳಲ್ಲಿ ಒದ್ದೆಯೆಲ್ಲ ಒಳಗಿನ ಕುರ್ಚಿಗಳ ಮೇಲೆ ಬರುತ್ತದೆ.

ಮರಗೆಲಸಕ್ಕೆ ಮೊದಲು ಹೊಸ ಗಾರೆ ಒಣಗಿದೆಯೇ ನೋಡಿ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಒಳಮೈಯಲ್ಲಿ ಹನಿ ಕಂಡರೆ ಬಡಗಿಗೆ ಇನ್ನೊಂದು ತಿಂಗಳು ಬಿಟ್ಟು ಬರಲು ಹೇಳಿ.