ಬ್ಲಾಗಿಗೆ ವರ್ಡ್‌ಪ್ರೆಸ್ ಹಾಕಲು ಯಾವ ದಾರಿ ಛಲೋ?

ಪ್ರಶ್ನೆ: ನಾನು ಆಳಂದ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ನಮ್ಮ ಭಾಗದ ಜಾತ್ರೆ, ತೊಗರಿ ಬೆಳೆ, ಹಳೆ ಕೋಟೆಗಳ ಬಗ್ಗೆ ಬರೀಬೇಕಂತ ಡೊಮೇನು, ಒಂದು ವರ್ಷದ ಹೋಸ್ಟಿಂಗ್ ತಗೊಂಡೀನಿ. ಒಳಗ ಹೋದ್ರ ಬ್ಲಾಗು ನಡೆಸೋ ತಂತ್ರಾಂಶ ವರ್ಡ್‌ಪ್ರೆಸ್ಸನ್ನ ತಾನೇ ಹಾಕಿಕೊಡೋ ಸಾಫ್ಟಾಕ್ಯುಲಸ್ ಅಂತ ಒಂದು ಬಟನ್ ಅದ. ಕಲಬುರಗ್ಯಾಗ ಇಂಜಿನಿಯರಿಂಗ್ ಓದೋ ನಮ್ಮ ಅಕ್ಕನ ಮಗ 'ಮಾಮಾ, ಅದೆಲ್ಲಾ ಬ್ಯಾಡ, ಡಾಕರ್ ಹಾಕೋಣ' ಅಂತಾನ. ಇನ್ನೊಬ್ರು ಕೈಯಾರೆ ಹಾಕಿದ್ರಷ್ಟೇ ಸೇಫ್ ಅಂತಾರ. ಯಾವುದು ಛಲೋ ಹೇಳ್ರಿ.

ಉತ್ತರ: ಬಟನ್ನೇ ಒತ್ತಿ, ಸರ್. ಆದರೆ ಒತ್ತುವ ಮೊದಲು ಅದು ತೋರಿಸುವ ಫಾರ್ಮನ್ನು ಮೇಲಿಂದ ಕೆಳಗಿನವರೆಗೆ ಓದಿ. ಬಹಳ ಜನ ಅದನ್ನು ಓದುವುದಿಲ್ಲ. ಆಮೇಲೆ ಬರುವ ಮುಕ್ಕಾಲು ಪಾಲು ತಾಪತ್ರಯ ಅಲ್ಲಿಂದಲೇ ಶುರುವಾಗುತ್ತದೆ.

ಈ ಪ್ರಶ್ನೆ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಎಲ್ಲರೂ ಕೇಳುವುದು 'ಯಾವುದು ಸುಲಭ' ಅಥವಾ 'ಯಾವುದು ಸೇಫ್' ಅಂತ. ನಾನು ತಿರುಗಿ ಕೇಳುವುದು ಒಂದೇ: ಮುಂದಿನ ವರ್ಷ ಬ್ಲಾಗು ತೆರೆಯದೇ ಹೋದರೆ ರಿಪೇರಿ ಮಾಡುವವರು ಯಾರು? ಇನ್‌ಸ್ಟಾಲ್ ಒಂದು ಸಂಜೆಯ ಕೆಲಸ. ನೋಡಿಕೊಳ್ಳುವುದು ವರ್ಷಗಟ್ಟಲೆ. ನೋಡಿಕೊಳ್ಳುವವರ ಕೈಗೆ ಒಗ್ಗುವ ಸಾಧನವನ್ನೇ ಆರಿಸಬೇಕು. ನಿಮ್ಮ ಅಕ್ಕನ ಮಗ ಓದು ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಸರ್ವರ್ ಮುಂದೆ ಕೂರುವವರು ನೀವೇ ಅಲ್ವಾ?

ಡಾಕರ್ ಒಳ್ಳೆಯ ಸಾಧನ. ಅದರಲ್ಲಿ ಅನುಮಾನ ಇಲ್ಲ. ವರ್ಡ್‌ಪ್ರೆಸ್, ಡೇಟಾಬೇಸ್ ಎಲ್ಲವನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುತ್ತದೆ. ಹತ್ತು ಸೈಟು ನಡೆಸುವವರಿಗೆ ಅದರಿಂದ ಲಾಭ ಇದೆ. ನಿಮ್ಮ ಒಂದು ಬ್ಲಾಗಿಗೆ ಅದನ್ನು ಹಾಕುವುದು ಒಂದು ಚೀಲ ತೊಗರಿ ಸಾಗಿಸಲು ಲಾರಿ ಮಾಡಿದ ಹಾಗೆ. ಅದೂ ಅಲ್ಲದೆ, ನೀವು ತಗೊಂಡಿರುವುದು ಸಾಫ್ಟಾಕ್ಯುಲಸ್ ಇರುವ ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನು ಬಹಳ ಜನ ಹಂಚಿಕೊಳ್ಳುವಂಥದ್ದು) ಇದ್ದಂಗಿದೆ. ಅಂಥ ಕಡೆ ಸಾಮಾನ್ಯವಾಗಿ ಡಾಕರ್ ಓಡಿಸಲು ಬಿಡುವುದೇ ಇಲ್ಲ. ಅದಕ್ಕೆ ವಿಪಿಎಸ್, ಅಂದರೆ ನೀವೇ ನಡೆಸಬೇಕಾದ ಬಾಡಿಗೆ ಸರ್ವರ್ ಬೇಕು. ವಿಪಿಎಸ್ ಅಂದರೆ ಸರ್ವರಿನ ಅಪ್‌ಡೇಟು, ಫೈರ್‌ವಾಲು, ಬ್ಯಾಕಪ್ಪು ಎಲ್ಲಾ ನಿಮ್ಮ ತಲೆ ಮೇಲೆ. ಡೇಟಾವನ್ನು ವಾಲ್ಯೂಮ್‌ನಲ್ಲಿ (ಡಬ್ಬಿಯ ಹೊರಗಿನ ಜಾಗದಲ್ಲಿ) ಇಡದೆ ಕಂಟೇನರ್, ಅಂದರೆ ಆ ಡಬ್ಬಿಯನ್ನೇ ಅಳಿಸಿದರೆ ಬರೆದದ್ದೆಲ್ಲಾ ಅದರ ಜೊತೆಗೇ ಹೋಗುತ್ತದೆ. ಹುಡುಗನಿಗೆ ಕಲಿಯುವ ಆಸೆ ಇದ್ದರೆ ಅವನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳಲಿ. ನಿಮ್ಮ ಬರಹದ ಮೇಲೆ ಪ್ರಯೋಗ ಬೇಡ.

ಈಗ ಸಾಫ್ಟಾಕ್ಯುಲಸ್ ಫಾರ್ಮಿಗೆ ಬರೋಣ. ವರ್ಡ್‌ಪ್ರೆಸ್ ಆರಿಸಿದ ಮೇಲೆ ಮೊದಲು ಪ್ರೋಟೋಕಾಲ್ (ವಿಳಾಸದ ಮೊದಲಿಗೆ ಬರುವ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಭಾಗ) ಕೇಳುತ್ತದೆ. ಎಚ್‌ಟಿಟಿಪಿಎಸ್ ಇರುವುದನ್ನೇ ಹಾಕಿ. ಸರ್ಟಿಫಿಕೇಟ್ ಸಿಗಲಿಲ್ಲ ಅಂತ ಅದು ತಕರಾರು ತೆಗೆದರೆ, ಬಹಳ ಸಲ ಡೊಮೇನು ಇನ್ನೂ ಸರ್ವರಿಗೆ ಸರಿಯಾಗಿ ಜೋಡಣೆ ಆಗಿರುವುದಿಲ್ಲ. ಅರ್ಧ ದಿನ ಬಿಟ್ಟು ಮತ್ತೆ ನೋಡಿ.

ಅದರ ಪಕ್ಕದಲ್ಲೇ 'ಡೈರೆಕ್ಟರಿ' ಅಂತ ಒಂದು ಖಾನೆ ಇರುತ್ತದೆ. ಅದನ್ನು ಖಾಲಿ ಬಿಡಿ. ಕೆಲವು ಕಡೆ ಅದರಲ್ಲಿ ಮೊದಲೇ 'ಡಬ್ಲ್ಯೂಪಿ' ಅಂತ ತುಂಬಿರುತ್ತದೆ. ಹಾಗೇ ಬಿಟ್ಟರೆ ಬ್ಲಾಗು ನಿಮ್ಮ ಡೊಮೇನಿನ ಒಳಗಿನ ಒಂದು ಫೋಲ್ಡರಿನಲ್ಲಿ ಹೋಗಿ ಕೂರುತ್ತದೆ. ಡೊಮೇನು ತೆರೆದವರಿಗೆ ಖಾಲಿ ಪುಟ ಕಾಣುತ್ತದೆ. 'ಇನ್‌ಸ್ಟಾಲ್ ಆಗಿದೆ ಅಂತ ತೋರಿಸ್ತದ, ಸೈಟೇ ಇಲ್ಲ' ಎಂಬ ದೂರಿನ ಮೂಲ ಬಹಳ ಸಲ ಇದೇ.

ಆಮೇಲೆ ಅಡ್ಮಿನ್ ಹೆಸರು, ಪಾಸ್‌ವರ್ಡ್. ತಾನಾಗಿ ತುಂಬಿದ್ದನ್ನು ಅಳಿಸಿ ನಿಮ್ಮದು ಹಾಕಿ. ಊರಿನ ಹೆಸರು, ಹುಟ್ಟಿದ ವರ್ಷ ಬೇಡ. ಇವುಗಳ ಕೆಳಗಿನ ಖಾನೆಯನ್ನು ಮಾತ್ರ ಯಾರೂ ನೋಡುವುದಿಲ್ಲ: ಅಡ್ಮಿನ್ ಇಮೇಲ್. ಅಲ್ಲಿ ನಿಮ್ಮ ಡೊಮೇನಿನ ಹೆಸರಲ್ಲೇ ಒಂದು ವಿಳಾಸ ತುಂಬಿರುತ್ತದೆ. ಅಂಥ ಮೇಲ್‌ಬಾಕ್ಸ್ ನೀವು ಇನ್ನೂ ಮಾಡಿಯೇ ಇರುವುದಿಲ್ಲ. ಒಂದು ದಿನ ಪಾಸ್‌ವರ್ಡ್ ಮರೆತು 'ರೀಸೆಟ್' ಒತ್ತಿದರೆ ಆ ಮೇಲು ಎಲ್ಲಿಗೂ ತಲುಪುವುದಿಲ್ಲ. ದಿನಾ ನೋಡುವ ಜಿಮೇಲ್ ವಿಳಾಸ ಹಾಕಿ.

ಲಾಗಿನ್ ಪ್ರಯತ್ನಗಳಿಗೆ ಮಿತಿ ಹಾಕುವ ಲಾಗಿನೈಸರ್ ಎಂಬ ಪ್ಲಗಿನ್‌ಗೆ (ವರ್ಡ್‌ಪ್ರೆಸ್‌ಗೆ ಜೋಡಿಸುವ ಹೆಚ್ಚುವರಿ ಸಾಧನ) ಟಿಕ್ ಹಾಕುವ ಜಾಗವೂ ಅಲ್ಲೇ ಇರುತ್ತದೆ. ಹಾಕಿಕೊಳ್ಳಿ, ನಷ್ಟ ಇಲ್ಲ. ಬೇರೆ ಪ್ಲಗಿನ್‌ಗಳನ್ನು ಈಗಲೇ ತುಂಬಬೇಡಿ.

ಭಾಷೆಯ ಖಾನೆಯಲ್ಲಿ ಕನ್ನಡ ಆರಿಸಿ. ಇದು ಬರೀ ಅಭಿಮಾನದ ಮಾತಲ್ಲ. ಸೈಟಿನ ಭಾಷೆ ಕನ್ನಡ ಅಂತ ಇದ್ದರೆ ಬ್ರೌಸರಿಗೆ, ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರಿಗೆ ಇದು ಕನ್ನಡ ಪುಟ ಅಂತ ಗೊತ್ತಾಗುತ್ತದೆ. ತಿಂಗಳ ಹೆಸರುಗಳೂ ಕನ್ನಡದಲ್ಲೇ ಬರುತ್ತವೆ. ಆದರೆ ಒಳಗಿನ ಮೆನುಗಳು ಕನ್ನಡಕ್ಕೆ ತಿರುಗಿದರೆ ಯೂಟ್ಯೂಬ್ ವಿಡಿಯೋ ನೋಡಿ ಕಲಿಯುವವರಿಗೆ ತ್ರಾಸು. ಅವರು ತೋರಿಸುವುದೆಲ್ಲಾ ಇಂಗ್ಲಿಷ್ ಮೆನು. ಅದಕ್ಕೂ ದಾರಿ ಇದೆ. 2016ರಲ್ಲಿ ಬಂದ ವರ್ಡ್‌ಪ್ರೆಸ್ 4.7 ಆವೃತ್ತಿಯಿಂದ ಪ್ರತಿಯೊಬ್ಬ ಬಳಕೆದಾರರೂ ತಮ್ಮ ಪ್ರೊಫೈಲಿನಲ್ಲಿ ಬೇರೆ ಭಾಷೆ ಇಟ್ಟುಕೊಳ್ಳಬಹುದು. ಸೈಟು ಕನ್ನಡ, ನಿಮ್ಮ ಡ್ಯಾಶ್‌ಬೋರ್ಡ್ ಇಂಗ್ಲಿಷ್. ಎರಡೂ ಜೊತೆಗೆ ನಡೆಯುತ್ತವೆ.

ಕನ್ನಡದ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಯಾವ ದಾರಿಯಲ್ಲಿ ಇನ್‌ಸ್ಟಾಲ್ ಮಾಡಿದರೂ ಇದು ಕಾಡುತ್ತದೆ. ನೀವು ಕನ್ನಡದಲ್ಲಿ ತಲೆಬರಹ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ಪುಟದ ವಿಳಾಸ ಮಾಡುತ್ತದೆ. ಆ ವಿಳಾಸಕ್ಕೆ ಡೇಟಾಬೇಸಿನಲ್ಲಿ ಇರುವ ಜಾಗ 200 ಚಿಹ್ನೆ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತ, ಒಂದೊಂದು ಅರ್ಧಾಕ್ಷರದ ಗುರುತು ಪರ್ಸೆಂಟ್ ಚಿಹ್ನೆಗಳ ರೂಪಕ್ಕೆ ಬದಲಾಗಿ ತಲಾ 9 ಚಿಹ್ನೆ ತಿನ್ನುತ್ತದೆ. 'ಕಲಬುರಗಿ' ಎಂಬ ಒಂದೇ ಪದಕ್ಕೆ 63 ಆಯಿತು. 'ಶರಣಬಸವೇಶ್ವರ ಜಾತ್ರೆಯ ತೇರು' ಎಂದರೆ ಪದಗಳ ನಡುವಿನ ಎರಡು ಅಡ್ಡಗೆರೆ ಸೇರಿ ಸರಿಯಾಗಿ 200. ಅದರ ಮುಂದೆ ಏನೇ ಬರೆದರೂ ವಿಳಾಸದಲ್ಲಿ ಕತ್ತರಿಸಿ ಹೋಗುತ್ತದೆ. ವಾಟ್ಸಾಪಿನಲ್ಲಿ ಹಂಚಿದರೆ ಪರ್ಸೆಂಟ್ ಗುರುತುಗಳ ಉದ್ದನೆ ಸಾಲು ಕಾಣುತ್ತದೆ. ನೋಡಿದವರು ವೈರಸ್ ಅಂತ ತಿಳಿದು ಒತ್ತುವುದೇ ಇಲ್ಲ. ಅದಕ್ಕೇ ಪ್ರಕಟಿಸುವ ಮೊದಲು ವಿಳಾಸದ ಖಾನೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಪದ ಬರೆದುಬಿಡಿ. ತಲೆಬರಹ ಮಾತ್ರ ಕನ್ನಡದಲ್ಲೇ ಇರಲಿ.

ಕೈಯಾರೆ ಹಾಕಿದರಷ್ಟೇ ಸೇಫ್ ಎಂಬ ಮಾತಿಗೆ ಬರುತ್ತೇನೆ. ಅದರಲ್ಲಿ ಅರ್ಧ ಸತ್ಯ ಇದೆ. ಸೈಟಿನ ಒಳಗೆ ಏನೇನಿದೆ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ವರ್ಡ್‌ಪ್ರೆಸ್‌ನವರೇ ಇದಕ್ಕೆ 'ಐದು ನಿಮಿಷದ ಇನ್‌ಸ್ಟಾಲ್' ಅಂತ ಹೆಸರಿಟ್ಟಿದ್ದಾರೆ. ಗೊತ್ತಿದ್ದವರಿಗೆ ಐದು ನಿಮಿಷ, ಸರಿ. ಹೊಸಬರು ಸಿಕ್ಕಿಬೀಳುವ ಜಾಗಗಳು ಯಾವಾಗಲೂ ಅವೇ. ಒಂದು, ಸಾವಿರಾರು ಸಣ್ಣ ಫೈಲುಗಳನ್ನು ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಎಫ್‌ಟಿಪಿ ಮೂಲಕ ಏರಿಸಲು ಹೋಗುವುದು. ನಡುವೆ ನೆಟ್ ಹೋದರೆ ಯಾವ ಫೈಲು ಬಂತು, ಯಾವುದು ಬರಲಿಲ್ಲ ಅಂತ ತಿಳಿಯುವುದಿಲ್ಲ. ಜಿಪ್ ಫೈಲನ್ನೇ ಏರಿಸಿ ಅಲ್ಲೇ ಬಿಚ್ಚಬೇಕು. ಇನ್ನೊಂದು, ಡೇಟಾಬೇಸ್ ಮಾಡುತ್ತಾರೆ, ಬಳಕೆದಾರನನ್ನೂ ಮಾಡುತ್ತಾರೆ, ಇಬ್ಬರನ್ನೂ ಜೋಡಿಸಿ ಅನುಮತಿ ಕೊಡುವುದನ್ನು ಮರೆಯುತ್ತಾರೆ. ಹೋಸ್ಟಿಂಗಿನ ನಿಯಂತ್ರಣ ಪುಟವಾದ ಸಿಪ್ಯಾನೆಲ್ ಡೇಟಾಬೇಸ್ ಹೆಸರಿನ ಮುಂದೆ ನಿಮ್ಮ ಖಾತೆಯ ಹೆಸರನ್ನೂ ಅಂಟಿಸಿರುತ್ತದೆ. ಅದನ್ನು ಬಿಟ್ಟು ಬರೆದರೂ 'ಡೇಟಾಬೇಸ್ ಸಂಪರ್ಕ ಆಗಲಿಲ್ಲ' ಎಂಬ ಅದೇ ಸಂದೇಶ.

ಕೈಯಾರೆ ಮಾಡುವುದರಲ್ಲಿ ನಿಜವಾದ ಅಪಾಯ ಒಂದಿದೆ. ಫೈಲು ಏರಿಸಿ, 'ಉಳಿದದ್ದು ನಾಳೆ ನೋಡೋಣ' ಅಂತ ಎದ್ದು ಹೋಗಬೇಡಿ. ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಪುಟವನ್ನು ಯಾರು ಬೇಕಾದರೂ ತೆರೆಯಬಹುದು. ತಮ್ಮ ಡೇಟಾಬೇಸಿನ ವಿವರ ಹಾಕಿ, ತಾವೇ ಅಡ್ಮಿನ್ ಆಗಿ, ನಿಮ್ಮ ಸರ್ವರಿನೊಳಗೆ ಕೂರಬಹುದು. ಅಂಥ ಪುಟಗಳನ್ನು ಹುಡುಕಲೆಂದೇ ಪ್ರೋಗ್ರಾಂಗಳು ಓಡಾಡುತ್ತಿರುತ್ತವೆ. ಬಟನ್ ಒತ್ತಿ ಹಾಕಿದರೆ ಈ ಭಯ ಇಲ್ಲ, ಏಕೆಂದರೆ ಅದು ಒಂದೇ ಉಸಿರಿಗೆ ಮುಗಿಯುತ್ತದೆ.

ಉಳಿದ ಹೆಸರುಗಳು ಬೇಗ ಮುಗಿಯುತ್ತವೆ. ಡಬ್ಲ್ಯೂಪಿ-ಸಿಎಲ್‌ಐ ಎಂಬುದು ಕಮಾಂಡ್ ಬರೆದು ಇನ್‌ಸ್ಟಾಲ್ ಮಾಡುವ ಸಾಧನ. ಟರ್ಮಿನಲ್ ರೂಢಿ ಇದ್ದವರಿಗೆ ಅದಕ್ಕಿಂತ ವೇಗದ್ದು ಬೇಡ. ಗೋಸ್ಟ್ ಚೆಂದದ ಬ್ಲಾಗ್ ತಂತ್ರಾಂಶ, ಬರೆಯಲು ಹಿತ. ಆದರೆ ಅದಕ್ಕೂ ವಿಪಿಎಸ್, ಕನಿಷ್ಠ 1 ಜಿಬಿ ಮೆಮೊರಿ ಬೇಕು. ಪುಟಗಳನ್ನು ಮೊದಲೇ ಸಿದ್ಧ ಮಾಡಿಡುವ ಹ್ಯೂಗೋ ಎಂಬ ತಂತ್ರಾಂಶಕ್ಕೆ ಡೇಟಾಬೇಸೇ ಬೇಡ, ಹ್ಯಾಕ್ ಮಾಡಲು ಒಳಗೆ ಏನೂ ಇರುವುದಿಲ್ಲ. ಬಸ್ಸಿನಲ್ಲಿ ಕೂತು ಮೊಬೈಲಿನಿಂದ ಬರೆದು ಹಾಕುವವರಿಗೆ ಮಾತ್ರ ಅದು ಹೊಂದುವುದಿಲ್ಲ. ಮನೆಯ ಹಳೇ ಕಂಪ್ಯೂಟರನ್ನೇ ಸರ್ವರ್ ಮಾಡುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಮೇ ತಿಂಗಳ ಬಿಸಿಲಿನಲ್ಲಿ ಕರೆಂಟ್ ಹೋದಾಗ ಬ್ಲಾಗೂ ಹೋಗುತ್ತದೆ.

ಅಸಲಿ ಇನ್‌ಸ್ಟಾಲ್‌ಗೆ ಮೊದಲು ಕೈ ಪಳಗಿಸಬೇಕಾ? ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಬ್ರೌಸರಿನಲ್ಲೇ ತೆರೆಯುತ್ತದೆ, ಏನೂ ಹಾಕಿಕೊಳ್ಳಬೇಕಿಲ್ಲ. ಅಲ್ಲಿ ಸುಮ್ನೆ ಒತ್ತಿ, ಕೆಡಿಸಿ, ನೋಡಿ. ಬರಹ ಮಾತ್ರ ಅಲ್ಲಿ ಇಡಬೇಡಿ. ಟ್ಯಾಬ್ ಮುಚ್ಚಿದರೆ ಹೋಗಬಹುದು.

ಕೊನೆಗೆ, ಫಾರ್ಮಿನ ಕೆಳಗೆ ಅಡಗಿರುವ 'ಅಡ್ವಾನ್ಸ್ಡ್' ಭಾಗ. ಅಲ್ಲಿ ಅಪ್‌ಡೇಟ್ ಯಾರು ಮಾಡಬೇಕು ಎಂಬ ಆಯ್ಕೆ ಇದೆ. 2020ರ ಕೊನೆಗೆ ಬಂದ 5.6 ಆವೃತ್ತಿಯಿಂದ ಹೊಸ ಸೈಟುಗಳಲ್ಲಿ ವರ್ಡ್‌ಪ್ರೆಸ್ ದೊಡ್ಡ ಅಪ್‌ಡೇಟುಗಳನ್ನೂ ತಾನೇ ಮಾಡಿಕೊಳ್ಳುತ್ತದೆ. ಆ ಕೆಲಸ ಅದಕ್ಕೇ ಬಿಡಿ. ಸಾಫ್ಟಾಕ್ಯುಲಸ್‌ಗೂ, ವರ್ಡ್‌ಪ್ರೆಸ್‌ಗೂ ಇಬ್ಬರಿಗೂ ಒಪ್ಪಿಸಬೇಡಿ. ಬ್ಯಾಕಪ್ ವಾರಕ್ಕೊಮ್ಮೆ ಅಂತ ಹಾಕಿ, ಹಳೆಯ ಎರಡು ಮೂರು ಪ್ರತಿ ಉಳಿಸಲು ಹೇಳಿ. ಆ ಪ್ರತಿಗಳು ಸಾಮಾನ್ಯವಾಗಿ ನಿಮ್ಮದೇ ಹೋಸ್ಟಿಂಗ್ ಖಾತೆಯ ಒಂದು ಫೋಲ್ಡರಿನಲ್ಲಿ ಬೀಳುತ್ತವೆ. ನವೀಕರಣದ ದುಡ್ಡು ಕಟ್ಟುವುದು ತಡವಾಗಿ ಖಾತೆ ಮುಚ್ಚಿದರೆ ಬ್ಲಾಗು, ಬ್ಯಾಕಪ್ಪು ಎರಡೂ ಒಟ್ಟಿಗೆ ಹೋದಂತೆ. ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. ವರ್ಷಕ್ಕೊಮ್ಮೆಯಾದರೂ ಎಕ್ಸ್‌ಎಎಂಪಿಪಿ (ಕಂಪ್ಯೂಟರನ್ನೇ ಸರ್ವರಿನಂತೆ ಓಡಿಸುವ ತಂತ್ರಾಂಶ) ಹಾಕಿದ ಕಂಪ್ಯೂಟರಿನಲ್ಲಿ ಅದನ್ನು ಬಿಚ್ಚಿ ನೋಡಿ. ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಡೇಟಾಬೇಸ್ ತೆಗೆಯುವಾಗಲೋ ಹಾಕುವಾಗಲೋ ಅಕ್ಷರ ಸಂಕೇತ ತಪ್ಪಿದೆ ಅಂತ ಅರ್ಥ. ಯುಟಿಎಫ್8-ಎಂಬಿ4 ಎಂಬ ಸಂಕೇತ ಆರಿಸಿ ಮತ್ತೆ ತೆಗೆಯಿರಿ. ಹೋಸ್ಟಿಂಗ್ ಇನ್ನೂ ಚಾಲ್ತಿಯಲ್ಲಿ ಇರುವಾಗಲೇ ಈ ಪರೀಕ್ಷೆ ಆಗಬೇಕು.