ಶ್ವಾಸಕೋಶದ ಕ್ಯಾನ್ಸರ್ ಮತ್ತು ತಂಬಾಕಿನ ಹೊಗೆ: ನಂಟು ರುಜುವಾತಾದ ಬಗೆ

ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠವಾಗಿರುವ ಮಾತು. ಅದು ಗೊತ್ತಾದದ್ದು ಹೇಗೆ ಎಂದು ಕೇಳಿದರೆ ಮಾತ್ರ ಅನೇಕರು ತಡವರಿಸುತ್ತಾರೆ. ಈ ಟಿಪ್ಪಣಿ ಹೆಚ್ಚಾಗಿ ಆ ಪ್ರಶ್ನೆಯನ್ನೇ ಕುರಿತದ್ದು. ಏಕೆಂದರೆ ಸೇದುವವರ ವಿಷಯದಲ್ಲಿ ಗೆದ್ದ ವಾದವನ್ನು ಪಕ್ಕದಲ್ಲಿ ಕುಳಿತು ಹೊಗೆ ಕುಡಿಯುವವರಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

1950ರಲ್ಲಿ ಬ್ರಿಟಿಷ್ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಪುರುಷರಲ್ಲಿ ಎಂದೂ ಸೇದದವರು ಇಬ್ಬರೇ; ಬೇರೆ ಕಾಯಿಲೆಗಳಿಗೆ ದಾಖಲಾಗಿದ್ದ ಅಷ್ಟೇ ಸಂಖ್ಯೆಯ ಪುರುಷರಲ್ಲಿ 27 ಮಂದಿ. ಶೇಕಡಾವಾರು ಲೆಕ್ಕದಲ್ಲಿ ಸೇದುವವರ ಪ್ರಮಾಣ 99.7 ಮತ್ತು 95.8 ಎಂದಾಗುತ್ತದೆ, ನೋಡಿದರೆ ಅಂಥ ದೊಡ್ಡ ಅಂತರವೇನಲ್ಲ ಅನಿಸುತ್ತದೆ. ಆದರೆ 647ನ್ನು 2ರಿಂದಲೂ 622ನ್ನು 27ರಿಂದಲೂ ಭಾಗಿಸಿ, ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 14 ಸಿಗುತ್ತದೆ, ಅಂದರೆ ಸೇದುವವರಿಗೆ ಈ ರೋಗ ಬರುವ ಸಂಭವ ಸೇದದವರಿಗಿಂತ ಸುಮಾರು 14 ಪಟ್ಟು. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು: ಸಮಾಜದಲ್ಲಿ ಬಹುತೇಕ ಎಲ್ಲರೂ ಸೇದುತ್ತಿದ್ದಾಗ ಅದರ ಕೇಡು ಕಣ್ಣಿಗೆ ಬೀಳದೆ ಹೋದದ್ದೇಕೆ ಎಂಬುದೂ ಇದರಿಂದಲೇ ಅರ್ಥವಾಗುತ್ತದೆ.

ಆ ಪ್ರಬಂಧದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಬೇರೆಯೇ ಇದೆ. ಸಂದರ್ಶನದ ವೇಳೆ ಶ್ವಾಸಕೋಶದ ಕ್ಯಾನ್ಸರ್ ಎಂದು ಭಾವಿಸಲಾಗಿದ್ದು, ಕೊನೆಗೆ ಆ ರೋಗ ಅಲ್ಲವೆಂದು ತಿಳಿದ ಕೆಲವು ರೋಗಿಗಳಿದ್ದರು. ಪ್ರಶ್ನೆ ಕೇಳಿದವರ ಪೂರ್ವಗ್ರಹದಿಂದಲೇ ಸಂಖ್ಯೆಗಳು ಏರಿದ್ದರೆ ಇವರ ಸೇದುವ ಅಭ್ಯಾಸವೂ ಕ್ಯಾನ್ಸರ್ ರೋಗಿಗಳಂತೆಯೇ ದಾಖಲಾಗಬೇಕಿತ್ತು. ಹಾಗಾಗಲಿಲ್ಲ, ಅದು ಉಳಿದ ರೋಗಿಗಳ ಅಭ್ಯಾಸಕ್ಕೇ ಹೊಂದಿಕೊಂಡಿತ್ತು. ರೋಗ ಬಂದ ಮೇಲೆ ಹಿಂದಿನದನ್ನು ಕೆದಕುವ ಪದ್ಧತಿಯ ಮಿತಿಯನ್ನು ದಾಟಲು ಇವರಿಬ್ಬರೂ 1951ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಪ್ರಶ್ನಾವಳಿ ಕಳುಹಿಸಿ, ಉತ್ತರಿಸಿದ ಸುಮಾರು 40,000 ಮಂದಿ ಮುಂದೆ ಯಾವ ಕಾರಣದಿಂದ ಸಾಯುತ್ತಾರೆ ಎಂಬುದನ್ನು ಗಮನಿಸುತ್ತ ಹೋದರು. 1954ರ ಹೊತ್ತಿಗೇ ಅದೇ ಚಿತ್ರ ಮೂಡಿತು.

ಆದರೂ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇದನ್ನು ಒಪ್ಪಲಿಲ್ಲ. ಸೇದುವ ಚಪಲವನ್ನೂ ಕ್ಯಾನ್ಸರನ್ನೂ ತರುವ ಒಂದೇ ವಂಶವಾಹಿ ಇರಬಹುದಲ್ಲ ಎಂಬುದು ಅವರ ಆಕ್ಷೇಪ. ಇದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. 1959ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು ಕೊಟ್ಟ ಉತ್ತರ ಸರಳವಾಗಿತ್ತು: ಸೇದುವವರಲ್ಲಿ ಅಪಾಯ ಒಂಬತ್ತು ಪಟ್ಟಿದ್ದು, ಅದಕ್ಕೆ ಪೂರ್ತಿ ಕಾರಣ ಆ ಗುಪ್ತ ಅಂಶವೇ ಆಗಿದ್ದರೆ, ಅದು ಸೇದುವವರಲ್ಲಿ ಕನಿಷ್ಠ ಒಂಬತ್ತು ಪಟ್ಟು ಹೆಚ್ಚಾಗಿ ಕಾಣಬೇಕು. ಅಂಥದ್ದೊಂದನ್ನು ಯಾರೂ ತೋರಿಸಲಿಲ್ಲ. ಅಪಾಯ ದೊಡ್ಡದಾದಷ್ಟೂ ಅದನ್ನು ಬೇರೊಂದರ ತಲೆಗೆ ಕಟ್ಟುವುದು ಕಷ್ಟವಾಗುತ್ತದೆ.

ಒಳಗೆ ನಡೆಯುವ ಕ್ರಿಯೆಯ ಬಗ್ಗೆ ಸಂಕ್ಷೇಪವಾಗಿ ಇಷ್ಟು ಸಾಕು. ಹೊಗೆಯಲ್ಲಿರುವ ಬೆಂಜೋಪೈರೀನ್ ಎಂಬ ರಾಸಾಯನಿಕ ತಾನಾಗಿ ಅಷ್ಟು ಕ್ರಿಯಾಶೀಲವಲ್ಲ. ಅದನ್ನು ಹೊರಹಾಕಲು ದೇಹದ ಕಿಣ್ವಗಳೇ ಮಾರ್ಪಡಿಸುವಾಗ ಹುಟ್ಟುವ ಒಂದು ರೂಪ ಡಿಎನ್‌ಎಯ ಅಕ್ಷರಗಳಲ್ಲೊಂದಾದ ಗ್ವಾನಿನ್‌ಗೆ ಅಂಟಿಕೊಳ್ಳುತ್ತದೆ. ದುರಸ್ತಿಯಾಗದೆ ಉಳಿದಲ್ಲಿ ಕೋಶ ವಿಭಜನೆಯ ವೇಳೆ ತಪ್ಪು ಅಕ್ಷರ ಸೇರುತ್ತದೆ. ಗೆಡ್ಡೆಯನ್ನು ತಡೆಯುವ ಪಿ53 ಜೀನಿನಲ್ಲಿ ಈ ಪದಾರ್ಥ ಅಂಟುವ ಜಾಗಗಳೂ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕೆಟ್ಟಿರುವ ಜಾಗಗಳೂ ಹೊಂದಿಕೆಯಾಗುತ್ತವೆ ಎಂದು 1996ರಲ್ಲಿ ಕಂಡುಬಂತು. ಇಂಥ ಹಾನಿ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುವುದರಿಂದ ದಿನಕ್ಕೆ ಎಷ್ಟು ಸಿಗರೇಟು ಎಂಬುದಕ್ಕಿಂತ ಎಷ್ಟು ವರ್ಷಗಳಿಂದ ಎಂಬುದು ಹೆಚ್ಚು ತೂಗುತ್ತದೆ. ದಿನಕ್ಕೆ 20ರಂತೆ 20 ವರ್ಷ, 10ರಂತೆ 40 ವರ್ಷ ಸೇದಿದವರಿಬ್ಬರೂ ಪ್ಯಾಕ್-ವರ್ಷದ (ದಿನಕ್ಕೆ 20 ಸಿಗರೇಟಿನ ಒಂದು ಪ್ಯಾಕಿನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ವರ್ಷ) ಲೆಕ್ಕದಲ್ಲಿ ಸಮಾನರಾದರೂ, ಇತರ ಸಂಗತಿಗಳು ಒಂದೇ ಆಗಿದ್ದರೆ ಎರಡನೆಯವರಿಗೇ ಅಪಾಯ ಹೆಚ್ಚು.

ಇನ್ನು ಪರೋಕ್ಷ ಧೂಮಪಾನ, ಅಂದರೆ ಬೇರೆಯವರ ಸಿಗರೇಟಿನ ಹೊಗೆಯನ್ನು ಉಸಿರಾಡುವುದು. ಕೋಣೆಯ ಗಾಳಿಗೆ ಸೇರುವ ಹೊಗೆಯ ಬಹುಪಾಲು ಸೇದುವವರು ಬಾಯಿಂದ ಬಿಟ್ಟದ್ದಲ್ಲ. ಎರಡು ದಮ್ಮುಗಳ ನಡುವೆ ಸಿಗರೇಟಿನ ತುದಿ ತಾನೇ ಉರಿಯುತ್ತ ಬಿಡುವಂಥದ್ದು. ಕಡಿಮೆ ತಾಪದಲ್ಲಿ ಅರೆಬರೆಯಾಗಿ ಸುಡುವುದರಿಂದ ಆ ಹೊಗೆಯಲ್ಲಿ ಹಲವು ಕ್ಯಾನ್ಸರ್‌ಕಾರಕಗಳ ಪ್ರಮಾಣ ಸೇದುವವರು ಒಳಗೆಳೆದುಕೊಳ್ಳುವ ಹೊಗೆಗಿಂತ ಹೆಚ್ಚೇ ಇರುತ್ತದೆ, ಗಾಳಿಯಲ್ಲಿ ಬೆರೆತು ತೆಳುವಾಗುತ್ತದೆ ಎಂಬುದಷ್ಟೇ ವ್ಯತ್ಯಾಸ. 1981ರಲ್ಲಿ ಸಂಶೋಧಕ ತಕೇಶಿ ಹಿರಯಾಮ ಅವರು ಜಪಾನಿನಲ್ಲಿ ತಾವು ಸೇದದ 91,540 ವಿವಾಹಿತ ಮಹಿಳೆಯರ ಮಾಹಿತಿಯನ್ನು ಪ್ರಕಟಿಸಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಏರುತ್ತದೆ ಎಂದು ತೋರಿಸಿದರು.

ಈಗ ಅಂಗೀಕೃತವಾಗಿರುವ ಅಂದಾಜಿನಂತೆ, ಸೇದುವವರೊಂದಿಗೆ ಬಾಳುವುದರಿಂದ ಅಪಾಯ ಶೇ. 20ರಿಂದ 30ರಷ್ಟು ಹೆಚ್ಚುತ್ತದೆ. ಸ್ವತಃ ಸೇದುವವರಲ್ಲಿ ಅದು ಹದಿನೈದರಿಂದ ಮೂವತ್ತು ಪಟ್ಟು. ಕಾರ್ನ್‌ಫೀಲ್ಡರ ವಾದ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಇಷ್ಟು ಸಣ್ಣ ಏರಿಕೆಯನ್ನು ಆಹಾರವೋ ಉದ್ಯೋಗವೋ, ಹಿಂದೆ ಸೇದಿದ್ದನ್ನು ಮುಚ್ಚಿಟ್ಟ ಕೆಲವರ ಸುಳ್ಳು ಉತ್ತರವೋ ಉಂಟುಮಾಡಿರಬಹುದು. ಆದ್ದರಿಂದ ಸಾಕ್ಷ್ಯವನ್ನು ಬೇರೆ ಕಡೆಯಿಂದಲೂ ಕೂಡಿಸಬೇಕಾಯಿತು. ಹೊಗೆಯ ನಡುವೆ ಇದ್ದ, ತಾವು ಸೇದದವರ ಮೂತ್ರದಲ್ಲಿ ನಿಕೋಟಿನ್ನಿನಿಂದ ಹುಟ್ಟುವ ಕೋಟಿನಿನ್ ಮಾತ್ರವಲ್ಲದೆ, ತಂಬಾಕಿಗೇ ವಿಶಿಷ್ಟವಾದ ಎನ್‌ಎನ್‌ಕೆ ಎಂಬ ಕ್ಯಾನ್ಸರ್‌ಕಾರಕದ ಅವಶೇಷವೂ ಸಿಕ್ಕಿತು. ಸುಳ್ಳು ಉತ್ತರ ಕೊಟ್ಟವರ ಲೆಕ್ಕವನ್ನು ಸರಿದೂಗಿಸಿದ ಮೇಲೂ ಅಪಾಯ ಉಳಿಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪರೋಕ್ಷ ಧೂಮಪಾನವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಗುಂಪಿಗೆ, ಸೇರಿಸಿತು. ಆ ಗುಂಪು ಹೇಳುವುದು ಸಾಕ್ಷ್ಯದ ಗಟ್ಟಿತನವನ್ನೇ ಹೊರತು ಅಪಾಯದ ಗಾತ್ರವನ್ನಲ್ಲ; ಪರೀಕ್ಷೆಯಲ್ಲಿ ಇವೆರಡನ್ನು ಕಲಸಿ ಬರೆಯುವವರು ಬಹಳ.

ಎಂದೂ ಸೇದದವರಲ್ಲಿ ಹೆಚ್ಚಾಗಿ ಕಾಣುವುದು ಅಡಿನೋಕಾರ್ಸಿನೋಮ ಎಂಬ, ಗ್ರಂಥಿಯ ಬಗೆಯ ಕೋಶಗಳಲ್ಲಿ ಹುಟ್ಟುವ ಬಗೆ. ಸಣ್ಣ ಕೋಶದ ಕ್ಯಾನ್ಸರ್ ಎಂಬ ಮತ್ತೊಂದು ಬಗೆಯಂತೂ ಬಹುಮಟ್ಟಿಗೆ ಸೇದುವವರದೇ. ಸೇದದ ಒಬ್ಬ ರೋಗಿಗೆ ಕಾಯಿಲೆ ಬಂದಾಗ ಅದಕ್ಕೆ ಮನೆಯವರ ಸಿಗರೇಟು ಕಾರಣವೋ, ನೆಲದಿಂದ ಬರುವ ರೇಡಾನ್ ಅನಿಲವೋ, ವಾಯುಮಾಲಿನ್ಯವೋ ಎಂದು ಗೆಡ್ಡೆಯನ್ನು ನೋಡಿ ನಿರ್ಧರಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಶೇ. 20ರಿಂದ 30 ಎಂಬ ಅಂಕಿ ಒಂದು ಜನಸಮೂಹದ ಬಗೆಗಿನ ಮಾತು. ಅದನ್ನು ಒಬ್ಬ ರೋಗಿಯ ಚರಿತ್ರೆಗೆ ಅಂಟಿಸಿ ಮನೆಯವರಲ್ಲೊಬ್ಬರನ್ನು ಹೊಣೆ ಮಾಡಿ ಬರೆಯಬಾರದು.