ಬೆನ್ನಿನ ಮೂಳೆ ಕೂರಿಸಿಕೊಡಿ ಎನ್ನುವವರಿಗೆ

ಮಂಡ್ಯದಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಸೊಂಟ ಹಿಡಿದುಕೊಂಡು ಬರುವವರಲ್ಲಿ ಜಾಸ್ತಿ ಜನ ಕೇಳುವುದು ಒಂದೇ. ‘ಮೂಳೆ ಜರುಗ್ಬಿಟ್ಟದೆ ಸಾ, ಒಸಿ ಕೂರ್ಸ್ಕೊಡಿ.’ ಕಬ್ಬು ಲೋಡ್ ಮಾಡುವವರು, ನಾಟಿ ಹಾಕುವ ಹೆಣ್ಣುಮಕ್ಕಳು, ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವರು, ಎಲ್ಲರದ್ದೂ ಇದೇ ಮಾತು. ಎಷ್ಟೋ ಜನ ಬರುವ ಮೊದಲೇ ಯಾರಿಂದಲೋ ಬೆನ್ನು ತುಳಿಸಿಕೊಂಡಿರುತ್ತಾರೆ. ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಒದೆಸಿಕೊಂಡು ಬಂದವರೂ ಇದ್ದಾರೆ. ನನಗೆ ಬೇಜಾರಾಗುತ್ತದೆ. ಯಾಕೆಂದರೆ ಕೂರಿಸುವುದಕ್ಕೆ ಅಲ್ಲಿ ಏನೂ ಜರುಗಿರುವುದಿಲ್ಲ.

ದೊಡ್ಡವರ ಬೆನ್ನುಮೂಳೆಯಲ್ಲಿ 26 ಮೂಳೆ ಇರುತ್ತವೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಕೆಳಗೆ ಇನ್ನೆರಡು. ಅವು ಒಂದಕ್ಕೊಂದು ಹೇಗೆ ಸೇರಿಕೊಂಡಿವೆ ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಹೇಳಿರುವುದಿಲ್ಲ. ಸೊಂಟದಲ್ಲಿ ಎರಡು ಮೂಳೆ ಸೇರುವ ಕಡೆ ಮೂರು ಜೋಡಣೆ ಇವೆ. ಮುಂದೆ ಡಿಸ್ಕು. ಹಿಂದೆ ಎಡಕ್ಕೊಂದು, ಬಲಕ್ಕೊಂದು ಪುಟ್ಟ ಕೀಲು. ಇಷ್ಟರ ಮೇಲೆ ಉದ್ದಕ್ಕೂ ಬಿಗಿದಿರುವ ಗಟ್ಟಿ ನಾರಿನ ಪಟ್ಟಿಗಳು, ಅದರ ಮೇಲೆ ಸ್ನಾಯು. ಒಂದು ಹೊರೆ ಹುಲ್ಲು ಎತ್ತಿದ್ದಕ್ಕೆಲ್ಲ ಇದು ಕಳಚಿಕೊಳ್ಳುವುದಿಲ್ಲ.

ಡಿಸ್ಕಿಗೆ ಸುತ್ತಲೂ ನಾರಿನ ಪದರ, ನಡುವೆ ನೀರು ಹೀರಿಕೊಂಡ ಮೆತ್ತನೆಯ ತಿರುಳು. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಅದು ಅಂಟಿಕೊಂಡೇ ಇರುತ್ತದೆ. ಹಾಗಾಗಿ ಡಿಸ್ಕು ಇಡಿಯಾಗಿ ಜಾರಿ ಪಕ್ಕಕ್ಕೆ ಬರುವುದಿಲ್ಲ. ಆಗುವುದು ಬೇರೆ. ನಾರಿನ ಪದರ ಒಂದು ಕಡೆ ಸೀಳುತ್ತದೆ, ಒಳಗಿನ ತಿರುಳು ಹಿಂದಕ್ಕೆ ಉಬ್ಬುತ್ತದೆ, ಕೆಲವರಲ್ಲಿ ಹೊರಕ್ಕೇ ಬರುತ್ತದೆ. ಒಬ್ಬಟ್ಟು ತಟ್ಟುವಾಗ ಕಣಕ ಹರಿದು ಹೂರಣ ಆಚೆ ಬಂದರೆ ಮೇಲಿಂದ ಒತ್ತಿ ಒಳಗೆ ಕಳಿಸಲು ಆಗುತ್ತದಾ? ಒತ್ತಿದಷ್ಟೂ ಇನ್ನಷ್ಟು ಹೊರಗೆ ಬರುತ್ತದೆ ಅಲ್ವಾ! ಬೆನ್ನು ತುಳಿಸಿಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಸಾಮಾನ್ಯವಾಗಿ ಹೀಗಾಗುವುದು ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿ. ಅಲ್ಲೇ ಪಕ್ಕದಲ್ಲಿ ಕಾಲಿಗೆ ಹೋಗುವ ನರ ಹೊರಡುತ್ತದೆ. ಅದು ಕೆರಳಿದರೆ ನೋವು ತೊಡೆ, ಮೀನಖಂಡ ದಾಟಿ ಪಾದದವರೆಗೂ ಎಳೆಯುತ್ತದೆ.

‘ಲಟಕ್ ಅಂತು, ಆಮೇಲೆ ಹಗುರಾಯ್ತಲ್ಲ ಸಾ’ ಎನ್ನುತ್ತಾರೆ. ಆ ಶಬ್ದ ಹಿಂದಿನ ಪುಟ್ಟ ಕೀಲುಗಳದ್ದು. ಅವುಗಳೊಳಗೆ ಎಣ್ಣೆಯಂಥ ದ್ರವ ಇದೆ. ಕೀಲು ತಟ್ಟನೆ ಅಗಲವಾದಾಗ ದ್ರವದಲ್ಲಿ ಗಾಳಿಯ ಗುಳ್ಳೆ ಏಳುತ್ತದೆ. ಬೆರಳಿನ ಲಟಿಕೆ ತೆಗೆದಾಗಲೂ ಆಗುವುದು ಅದೇ. ಬಿಗಿದ ಸ್ನಾಯು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಹಿತ ಅನ್ನಿಸುತ್ತದೆ. ಕಲಿತವರು ಪರೀಕ್ಷೆ ಮಾಡಿ, ಕೈಯಿಂದ ಕೀಲು ಆಡಿಸುವುದುಂಟು. ಕೆಲವರಿಗೆ ನಾನೂ ಮಾಡುತ್ತೇನೆ. ಅದರಿಂದಲೂ ಮೂಳೆಯ ಜಾಗ ಬದಲಾಗುವುದಿಲ್ಲ. ಮೂಳೆಯೇ ಮುಂದಕ್ಕೆ ಸರಿದಿರುವ ಕಾಯಿಲೆ ಬೇರೆ ಇದೆ, ಎಕ್ಸ್‌ರೇಯಲ್ಲಿ ಕಾಣುತ್ತದೆ. ಅದನ್ನೂ ಕಾಲಿಂದ ಒದ್ದು ಹಿಂದಕ್ಕೆ ತಳ್ಳಲು ಆಗುವುದಿಲ್ಲ.

ಕಟಿಂಗ್ ಶಾಪಿನಲ್ಲಿ ಕತ್ತು ತಿರುಗಿಸಿ ಲಟಕ್ ಅನ್ನಿಸಿಕೊಳ್ಳುವ ಹುಡುಗರಿಗೂ ಒಂದು ಮಾತು. ಕತ್ತಿನ ಮೂಳೆಗಳಲ್ಲಿರುವ ತೂತುಗಳ ಮೂಲಕವೇ ಮಿದುಳಿಗೆ ರಕ್ತ ಒಯ್ಯುವ ಎರಡು ನಾಳ ಹೋಗುತ್ತವೆ. ಕತ್ತನ್ನು ಜೋರಾಗಿ ತಿರುವಿದಾಗ ಅವು ಸೀಳುವುದು ಅಪರೂಪ. ಆದರೆ ಸೀಳಿದರೆ ಪಾರ್ಶ್ವವಾಯು ಆಗಬಹುದು. ದಯವಿಟ್ಟು ಬೇಡಪ್ಪ.

ಹೊರಗೆ ಬಂದ ತಿರುಳಿನ ಗತಿ ಏನು? ದೇಹವೇ ಅದನ್ನು ನಿಧಾನವಾಗಿ ಕರಗಿಸುತ್ತದೆ. ಎಲ್ಲರಲ್ಲೂ ಪೂರ್ತಿ ಕರಗುತ್ತದೆ ಎಂದು ಹೇಳಲಾರೆ. ಆದರೂ ಹೆಚ್ಚಿನವರಿಗೆ 6ರಿಂದ 12 ವಾರದೊಳಗೆ ನೋವು ಚೆನ್ನಾಗಿ ಇಳಿಯುತ್ತದೆ. ಐದನೇ ವಾರದಲ್ಲಿ ತುಳಿಸಿಕೊಂಡವರು ತುಳಿದವರಿಂದಲೇ ವಾಸಿಯಾಯಿತು ಅಂದುಕೊಳ್ಳುತ್ತಾರೆ. ಹೀಗೇ ಈ ನಂಬಿಕೆ ಊರಿಂದ ಊರಿಗೆ ಹಬ್ಬುತ್ತದೆ.

ಪಾಂಡವಪುರದ ಕಡೆಯ ಒಬ್ಬ ಅಮ್ಮ ನೆನಪಾಗುತ್ತಾರೆ. ಎಂಆರ್‌ಐ ರಿಪೋರ್ಟಿನಲ್ಲಿ ಡಿಸ್ಕು ಉಬ್ಬಿದೆ ಅಂತ ಓದಿ ಮನೆಯವರು ಅವರನ್ನು ಹಾಸಿಗೆಯಿಂದ ಏಳಲೇ ಬಿಡುತ್ತಿರಲಿಲ್ಲ. ಪ್ರೀತಿಯಿಂದಲೇ ಮಾಡಿದ್ದು, ಆದರೆ ಕಾಲಿನ ಶಕ್ತಿಯೇ ಇಳಿದುಹೋಗಿತ್ತು. ನೋವೇ ಇಲ್ಲದ ಜನರ ಸ್ಕ್ಯಾನುಗಳನ್ನು ಒಟ್ಟು ಮಾಡಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ 30ರಷ್ಟು ಜನಕ್ಕೆ ಡಿಸ್ಕು ಉಬ್ಬಿತ್ತು. ಎಂಬತ್ತರವರಲ್ಲಿ ಶೇ 84! ಅದಕ್ಕೇ ನಾನು ರಿಪೋರ್ಟಿಗಿಂತ ಮೊದಲು ಮನುಷ್ಯರನ್ನು ನೋಡುತ್ತೇನೆ. ಆ ಅಮ್ಮನನ್ನು ಮೊದಲು ಹಜಾರದಲ್ಲಿ, ಆಮೇಲೆ ಬೀದಿಯಲ್ಲಿ ನಡೆಸಿದೆವು. ಈಗ ಹಸುವಿನ ಹಾಲು ತಾವೇ ಕರೆಯುತ್ತಾರೆ.

ಒಂದೆರಡು ದಿನ ವಿಶ್ರಾಂತಿ ತಗೊಳ್ಳಿ, ಆಮೇಲೆ ತಡೆಯುವಷ್ಟು ಓಡಾಡಿ. ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರಿ ಊದಿರುತ್ತದೆ. ಹಾಗಾಗಿ ಎದ್ದ ತಕ್ಷಣ ಬಗ್ಗಿ ಭಾರ ಎತ್ತಬೇಡಿ. ಕಾಫಿ ಕುಡಿದು, ಸ್ವಲ್ಪ ನಡೆದಾಡಿ ಕೆಲಸಕ್ಕೆ ಇಳಿಯಿರಿ.

ಆದರೆ ಮೂತ್ರ ಕಟ್ಟಿಕೊಂಡರೆ, ಅಥವಾ ಮೂತ್ರ, ಮಲದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲು ಬಾರದೆ ನೆಲಕ್ಕೆ ಎಳೆದರೆ ಮಸಾಜು, ವ್ಯಾಯಾಮ ಯಾವುದೂ ಬೇಡ. ನನ್ನ ಹತ್ತಿರವೂ ಬರಬೇಡಿ. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಆಗಲಿ, ಹತ್ತಿರ ಇರುವ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ನೇರವಾಗಿ ಹೋಗಿ. ನಡುರಾತ್ರಿಯಾದರೂ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ.